ತಾನಾಗಿಯೇ ಬಂದ್ ಆಗಿ ಚಾಲೂ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಹೊಡೆಸುವ ಮೊದಲು ನೋಡಬೇಕಾದದ್ದು

"ತಾನ ಬಂದ್ ಆಗ್ತೈತ್ರಿ, ತಾನ ಚಾಲೂ ಆಗ್ತೈತ್ರಿ." ಹುಬ್ಬಳ್ಳಿ-ಧಾರವಾಡದ ಕಡೆ ಮನೆ ಕಂಪ್ಯೂಟರ್ ಕೈಕೊಟ್ಟಾಗ ಕೇಳಿಬರುವ ಮಾತು ಇದು. ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಒಮ್ಮೆ ಫಾರ್ಮ್ಯಾಟ್ ಹೊಡಸಿಬಿಡ್ರಿ, ಸರಿ ಆಗ್ತೈತಿ."

ಫಾರ್ಮ್ಯಾಟ್ ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಈ ಉತ್ತರ ನನಗೆ ಒಪ್ಪಿಗೆ ಇಲ್ಲ. ತಾನಾಗಿಯೇ ರೀಸ್ಟಾರ್ಟ್ ಆಗುವುದಕ್ಕೆ ವಿಂಡೋಸ್ ಒಂದೇ ಕಾರಣ ಅಲ್ಲ. ಕರೆಂಟ್, ಎಸ್‌ಎಂಪಿಎಸ್, ಬಿಸಿ, ರ‍್ಯಾಮ್, ಡ್ರೈವರ್, ಡಿಸ್ಕ್, ಇವುಗಳಲ್ಲಿ ಯಾವುದಾದರೂ ಆಗಿರಬಹುದು. (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ, ಕ್ಯಾಬಿನೆಟ್ ಒಳಗಿನ ಡಬ್ಬಿ. ರ‍್ಯಾಮ್ ಅಂದರೆ ಕೆಲಸ ನಡೆಯುವಾಗಿನ ತಾತ್ಕಾಲಿಕ ಮೆಮೊರಿ. ಡ್ರೈವರ್ ಅಂದರೆ ಒಂದೊಂದು ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್.) ಎಸ್‌ಎಂಪಿಎಸ್ ಸುಸ್ತಾಗಿರುವ ಕಂಪ್ಯೂಟರಿಗೆ ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಅದು ಮತ್ತೆ ಬಂದ್ ಆಗುತ್ತದೆ. ಫೋಟೋ, ಮಕ್ಕಳ ನೋಟ್ಸ್, ಅಂಗಡಿಯ ಲೆಕ್ಕ ಮಾತ್ರ ಹೋಗಿರುತ್ತವೆ. ಹಾಗಾಗಿ ಮೊದಲು ದೋಷ ಎಲ್ಲಿದೆ ಅಂತ ಹುಡುಕಬೇಕು. ಹುಡುಕುವ ಕೆಲಸದ ಮುಕ್ಕಾಲು ಭಾಗ ಮನೆಯಲ್ಲೇ ಆಗುತ್ತದೆ, ಒಂದು ಸ್ಕ್ರೂಡ್ರೈವರ್ ಮತ್ತು ಮೊಬೈಲ್ ಇದ್ದರೆ ಸಾಕು.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಕಂಪ್ಯೂಟರ್ ಇಪ್ಪತ್ತೇ ನಿಮಿಷ ನಡೆದರೂ ಸರಿ, ಆ ಇಪ್ಪತ್ತು ನಿಮಿಷದಲ್ಲಿ ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್ ಡಿಸ್ಕ್‌ಗೋ ಹಾಕಿಕೊಳ್ಳಿ. ಪದೇ ಪದೇ ಕರೆಂಟ್ ಕಿತ್ತಂತೆ ಆಗುತ್ತಿದ್ದರೆ ಡಿಸ್ಕಿನ ಫೈಲುಗಳೂ ಕೆಡುತ್ತವೆ. ಉಳಿದದ್ದೆಲ್ಲ ಆಮೇಲೆ.

ಹೇಗೆ ಬಂದ್ ಆಗುತ್ತದೆ?

ಇದೊಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ದಾರಿ ಮುಗಿದ ಹಾಗೆ. ಆದರೆ "ಬಂದ್ ಆಗ್ತೈತಿ" ಅಂತಷ್ಟೇ ಹೇಳುತ್ತಾರೆ, ಹೇಗೆ ಅಂತ ಯಾರೂ ನೋಡಿಟ್ಟುಕೊಂಡಿರುವುದಿಲ್ಲ.

ಪರದೆ ಟಪ್ ಅಂತ ಕತ್ತಲಾಗಿ, ಫ್ಯಾನ್ ಸದ್ದೂ ನಿಂತು, ಕ್ಷಣದಲ್ಲಿ ಮತ್ತೆ ಚಾಲೂ ಆದರೆ ಅದು ಬಹುತೇಕ ಕರೆಂಟ್ ಅಥವಾ ಎಸ್‌ಎಂಪಿಎಸ್ ಕಡೆಯ ದೋಷ. ಟಪ್ ಅಂತ ಆರಿ ಹಾಗೇ ಉಳಿದು, ಕೂಡಲೇ ಹಚ್ಚಿದರೆ ಬೇಗ ಮತ್ತೆ ಆರಿ, ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಸ್ವಲ್ಪ ಹೊತ್ತು ನಡೆದರೆ ಬಿಸಿಯ ಮೇಲೆ ಅನುಮಾನ ಪಡಿ. ನೀಲಿ ಪರದೆ ಬಂದು, ಶೇಕಡಾ ಲೆಕ್ಕ ಓಡಿ, ಆಮೇಲೆ ರೀಸ್ಟಾರ್ಟ್ ಆದರೆ ಡ್ರೈವರ್, ರ‍್ಯಾಮ್ ಅಥವಾ ಡಿಸ್ಕ್. ಇತ್ತೀಚಿನ ವಿಂಡೋಸ್ 11ರಲ್ಲಿ ಈ ನೀಲಿ ಪರದೆ ಕಪ್ಪು ಬಣ್ಣಕ್ಕೆ ಬದಲಾಗಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕಂಡರೆ ಅದು ಕರೆಂಟ್ ಹೋದದ್ದಲ್ಲ, ನೆನಪಿಡಿ. ಚಿತ್ರ ನಿಂತುಹೋಗಿ, ಹಾಡು ಒಂದೇ ಕಡೆ ಗರ್ರ್ ಅಂದು, ಆಮೇಲೆ ಹೋದರೆ ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ನೋಡಬೇಕಾಗುತ್ತದೆ.

ಕಂಪ್ಯೂಟರಿನ ಪಕ್ಕ ಒಂದು ಹಾಳೆ ಇಟ್ಟು ಬರೆಯುತ್ತಾ ಹೋಗಿ. ಎಷ್ಟು ಗಂಟೆಗೆ ಹೋಯಿತು, ಆಗ ಏನು ತೆರೆದಿತ್ತು, ಮನೆಯಲ್ಲಿ ಮಿಕ್ಸರ್ ಹಚ್ಚಿದ್ದರಾ, ಬೋರ್ ಮೋಟರ್ ಚಾಲೂ ಆಯಿತಾ, ಕರೆಂಟ್ ಹೋಗಿ ಬಂತಾ. ಸುಮ್ನೆ ನೆನಪಿನ ಮೇಲೆ ಬಿಡಬೇಡಿ. ನಾಲ್ಕೈದು ಸಲ ಬರೆದಿಟ್ಟರೆ ಒಂದು ಜಾಡು ಕಾಣತೊಡಗುತ್ತದೆ.

ವಿಂಡೋಸ್ ತಾನೇ ರೀಸ್ಟಾರ್ಟ್ ಮಾಡುವುದನ್ನು ನಿಲ್ಲಿಸಿ

ನೀಲಿ ಪರದೆ ಬಂದ ಮೇಲೆ ವಿಂಡೋಸ್ ತಾನಾಗಿಯೇ ರೀಸ್ಟಾರ್ಟ್ ಮಾಡಿಬಿಡುತ್ತದೆ. ಓದುವಷ್ಟು ಹೊತ್ತೂ ಸಿಗುವುದಿಲ್ಲ. ಇದನ್ನು ತೆಗೆಯಿರಿ. ಸ್ಟಾರ್ಟ್ ಮೆನುವಿನಲ್ಲಿ "ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್" ಹುಡುಕಿ ತೆರೆಯಿರಿ. "ಅಡ್ವಾನ್ಸ್ಡ್" ಟ್ಯಾಬ್‌ನಲ್ಲಿ ಕೆಳಗೆ "ಸ್ಟಾರ್ಟಪ್ ಆ್ಯಂಡ್ ರಿಕವರಿ" ಇರುತ್ತದೆ. ಅದರ ಸೆಟ್ಟಿಂಗ್ಸ್ ಒತ್ತಿ, "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಮುಂದಿನ ಟಿಕ್ ತೆಗೆದು ಓಕೆ ಮಾಡಿ.

ಇನ್ನು ಮುಂದೆ ನೀಲಿ ಪರದೆ ಬಂದರೆ ಅಲ್ಲೇ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಟಿಕ್ ತೆಗೆದ ಮೇಲೂ ಟಪ್ ಅಂತ ಆರಿ ತಾನೇ ಚಾಲೂ ಆಗುತ್ತಿದ್ದರೆ ಅದೂ ಒಂದು ಉತ್ತರವೇ. ವಿಂಡೋಸ್‌ಗೆ ಗೊತ್ತೇ ಇಲ್ಲದೆ ಕೆಳಗಿನಿಂದ ಕರೆಂಟ್ ಕಡಿಯುತ್ತಿದೆ ಅಂತ ಅರ್ಥ. ಇಂಥ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆಯುವುದು ದುಡ್ಡು ಹಾಳು.

ಇವೆಂಟ್ ವ್ಯೂವರ್ ಓದುವುದು

ಸ್ಟಾರ್ಟ್ ಮೆನುವಿನಲ್ಲಿ "ಇವೆಂಟ್ ವ್ಯೂವರ್" ತೆರೆದು "ವಿಂಡೋಸ್ ಲಾಗ್ಸ್" ಒಳಗೆ "ಸಿಸ್ಟಮ್" ನೋಡಿ. ನಿಮ್ಮ ಹಾಳೆಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಏನಿದೆ ಹುಡುಕಿ. ಕೆಂಪು ಗುರುತುಗಳು ಜಾಸ್ತಿ ಇರುತ್ತವೆ, ಎಲ್ಲಕ್ಕೂ ಹೆದರಬೇಡಿ. ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಅವು ಇರುತ್ತವೆ.

"ಕರ್ನಲ್-ಪವರ್ 41" ಅಂತ ಕಂಡೇ ಕಾಣುತ್ತದೆ. ಇದನ್ನು ನೋಡಿ ಹಲವರು "ಪವರ್ ಪ್ರಾಬ್ಲೆಮ್ ಐತಿ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅದು ಸರಿಯಲ್ಲ. 41 ಹೇಳುವುದು ಇಷ್ಟೇ: ಹೋದ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು. ಯಾಕೆ ಅಂತ ತಿಳಿಯಲು ಅದರ "ಡೀಟೇಲ್ಸ್" ಟ್ಯಾಬ್‌ನಲ್ಲಿ "ಬಗ್‌ಚೆಕ್‌ಕೋಡ್" ನೋಡಿ. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್ ಏನನ್ನೂ ಬರೆದುಕೊಳ್ಳುವಷ್ಟರಲ್ಲಿ ಎಲ್ಲ ನಿಂತಿತ್ತು, ಅಂದರೆ ಕರೆಂಟ್ ಕಡಿಯಿತು ಇಲ್ಲವೇ ಪೂರ್ತಿ ಹ್ಯಾಂಗ್ ಆಯಿತು. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು. 1074 ಇದ್ದರೆ ಯಾವುದೋ ಪ್ರೋಗ್ರಾಮ್ ಕೇಳಿಯೇ ರೀಸ್ಟಾರ್ಟ್ ಮಾಡಿಸಿದೆ, ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್. ಅಲ್ಲಿಗೆ ದೋಷವೇ ಇಲ್ಲ, ಅಪ್‌ಡೇಟ್‌ನ ಹೊತ್ತು ಬದಲಿಸಿದರೆ ಆಯಿತು. "ವ್ಹಿಯಾ ಲಾಗರ್" (WHEA-Logger) ಹೆಸರಿನಲ್ಲಿ ಕೆಂಪು ಎರರ್ ಇದ್ದರೆ ಪ್ರೊಸೆಸರ್ ಅಥವಾ ಅದಕ್ಕೆ ಸೇರಿದ ಹಾರ್ಡ್‌ವೇರ್ ತಾನೇ ದೂರು ಕೊಟ್ಟಿದೆ.

ಕರೆಂಟ್ ಕಡೆಯಿಂದ ಶುರು ಮಾಡಿ

ನಮ್ಮ ಕಡೆ ನಾನು ಮೊದಲು ಕೈ ಹಾಕುವುದು ಇಲ್ಲಿಗೇ. ಖರ್ಚಿಲ್ಲ, ಕಂಪ್ಯೂಟರ್ ಬಿಚ್ಚುವ ಹಾಗೂ ಇಲ್ಲ.

ಗೋಡೆಯ ಸಾಕೆಟ್‌ನಲ್ಲಿ ಪ್ಲಗ್ ಅಲುಗಾಡುತ್ತಾ? ಎಕ್ಸ್‌ಟೆನ್ಷನ್ ಬಾಕ್ಸ್ ಮೇಲೆ ಕಂದು ಕಲೆ, ಸುಟ್ಟ ವಾಸನೆ ಇದೆಯಾ? ಕ್ಯಾಬಿನೆಟ್ ಹಿಂದೆ ಚುಚ್ಚುವ ಕರೆಂಟ್ ಕೇಬಲ್ ಸಡಿಲವಾ? ಇವನ್ನೆಲ್ಲ ಒಮ್ಮೆ ನೋಡಿ, ಕೇಬಲ್ ಬದಲಿಸಿ, ಎಕ್ಸ್‌ಟೆನ್ಷನ್ ತೆಗೆದು ನೇರವಾಗಿ ಗೋಡೆಗೆ ಹಾಕಿ ಒಂದೆರಡು ದಿನ ನಡೆಸಿ. ಚಿಕ್ಕ ಯುಪಿಎಸ್ ಇದ್ದರೆ ಅದನ್ನೂ ದಾಟಿಸಿ ನೋಡಿ. 600 ವಿಎ ಯುಪಿಎಸ್‌ಗಳ ಒಳಗೆ ಸಾಮಾನ್ಯವಾಗಿ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದು ಸುಸ್ತಾಗುತ್ತದೆ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಕರೆಂಟ್ ಹೋದ ಕ್ಷಣ ಮಾತ್ರ ಭಾರ ತಡೆಯದೆ ಬಿಟ್ಟುಬಿಡುತ್ತದೆ. ಲೇಸರ್ ಪ್ರಿಂಟರ್ ಅನ್ನು ಯುಪಿಎಸ್‌ಗೆ ಹಾಕಿದ್ದರೆ ಇವತ್ತೇ ತೆಗೆಯಿರಿ. ಅದು ಬಿಸಿಯಾಗುವಾಗ ಎಳೆಯುವ ಕರೆಂಟ್ ಆ ಯುಪಿಎಸ್ ಕೊಡಬಲ್ಲದ್ದಕ್ಕಿಂತ ಜಾಸ್ತಿ.

ಇನ್ನು ಮನೆ ಇನ್ವರ್ಟರ್. ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಮನೆ. ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್. "ನೋಡಪಾ ತಮ್ಮಾ, ಫ್ಯಾನ್ ನಿಲ್ಲೂದಿಲ್ಲ, ಲೈಟ್ ಹೋಗೂದಿಲ್ಲ. ಇದೊಂದ ಯಾಕ ಹಿಂಗ ಮಾಡ್ತದ?" ಅಂತ ಆ ಮನೆಯ ಕಾಕು ಕೇಳಿದರು. ಅವರ ಪ್ರಶ್ನೆಯಲ್ಲೇ ಸುಳಿವಿತ್ತು. ಇನ್ವರ್ಟರ್ ಅನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆದು ಟಾರ್ಚ್ ಹಾಕಿ ನೋಡಿದರೆ, ಹಿಂಭಾಗದಲ್ಲಿ ಧೂಳು ಮೆತ್ತಿದ ಒಂದು ಸಣ್ಣ ಸ್ಲೈಡ್ ಸ್ವಿಚ್. ಅದು "ಇಕೋ" ಕಡೆಗಿತ್ತು. ಅದನ್ನು "ಯುಪಿಎಸ್" ಕಡೆಗೆ ಸರಿಸಿ, ಕಂಪ್ಯೂಟರ್ ಹಚ್ಚಿಟ್ಟು, ಮನೆಯ ಮೇನ್ ಸ್ವಿಚ್ ಇಳಿಸಿದೆವು. ಇನ್ವರ್ಟರ್ ಟಿಕ್ ಅಂದಿತು, ಟ್ಯೂಬ್ ಲೈಟ್ ಒಮ್ಮೆ ಮಿನುಗಿತು, ಪರದೆ ಅಲುಗಲಿಲ್ಲ. ಮತ್ತೆ ಮೇಲೆತ್ತಿದಾಗಲೂ ಅಷ್ಟೇ.

ಯಾಕೆ ಹೀಗೆ? ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆಯೂ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಅಷ್ಟು ಹೊತ್ತಿಗೆ ಸಾಕಾಗುವ ಶಕ್ತಿ ಇರುತ್ತದೆ. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ಅಷ್ಟರೊಳಗೆ ಬ್ಯಾಟರಿಗೆ ಬದಲಾಗುತ್ತದೆ. ಇಕೋ ಅಥವಾ ಇನ್ವರ್ಟರ್ ಮೋಡ್‌ನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಫ್ಯಾನು, ಲೈಟಿಗೆ ಅದು ಗೊತ್ತೂ ಆಗುವುದಿಲ್ಲ, ಕಂಪ್ಯೂಟರಿಗೆ ಆಗುತ್ತದೆ. ಒಂದು ಮಾತು ತಿಳಿದಿರಲಿ: ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಸಂಜೆ ವೋಲ್ಟೇಜ್ ಇಳಿಯುವ ಬಡಾವಣೆಗಳಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಎಲೆಕ್ಟ್ರಿಷಿಯನ್ ಇಕೋ ಕಡೆಗೆ ಇಡುವುದಕ್ಕೂ ಇದೇ ಕಾರಣ ಇರಬಹುದು. ಅಂಥ ಕಡೆ ಕಂಪ್ಯೂಟರಿಗೆ ಬೇರೆ ಚಿಕ್ಕ ಯುಪಿಎಸ್ ಇಡುವುದೇ ಒಳ್ಳೆಯದು.

ಎಸ್‌ಎಂಪಿಎಸ್ ಹಳೆಯದಾದರೆ ಇದೇ ಕೆಪಾಸಿಟರ್ ಸುಸ್ತಾಗಿ, 16 ಮಿಲಿಸೆಕೆಂಡ್ ಅನ್ನುವುದು ಇನ್ನೂ ಕಡಿಮೆಯಾಗುತ್ತದೆ. ಆಗ ಫ್ರಿಜ್ ಅಥವಾ ಬೋರ್ ಮೋಟರ್ ಚಾಲೂ ಆದಾಗಿನ ಸಣ್ಣ ವೋಲ್ಟೇಜ್ ಇಳಿತಕ್ಕೂ ಕಂಪ್ಯೂಟರ್ ಆರುತ್ತದೆ. ಹಾಳೆಯಲ್ಲಿ "ಮೋಟರ್ ಹಚ್ಚಿದಾಗ" ಅಂತ ಎರಡು ಮೂರು ಸಲ ಬಂದಿದ್ದರೆ ಎಸ್‌ಎಂಪಿಎಸ್ ಬದಲಿಸುವ ಕಾಲ ಬಂದಿದೆ.

ಅರ್ಥಿಂಗ್ ಬಗ್ಗೆಯೂ ಹೇಳಲೇಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಾದರೆ ಆ ಸಾಕೆಟ್‌ಗೆ ಅರ್ಥಿಂಗ್ ಇಲ್ಲ ಅಥವಾ ಕೈಬಿಟ್ಟಿದೆ. ಇದರಿಂದಲೇ ರೀಸ್ಟಾರ್ಟ್ ಆಗುವುದು ಕಡಿಮೆ, ಆದರೆ ಪೆನ್‌ಡ್ರೈವ್ ಚುಚ್ಚುವಾಗ ಹ್ಯಾಂಗ್ ಆಗುವುದುಂಟು. ಅದಕ್ಕಿಂತ ಮುಖ್ಯವಾಗಿ ಇದು ಜೀವಕ್ಕೆ ಅಪಾಯ. ಹುಬ್ಬಳ್ಳಿ, ನವಲಗುಂದ, ಗದಗದ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅರ್ಥಿಂಗ್ ಗುಂಡಿಯ ಸುತ್ತ ಮಣ್ಣು ಬಿಟ್ಟುಕೊಂಡರೆ ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಕೆಲಸ ಮಾಡುವುದಿಲ್ಲ. ಗುಂಡಿಗೆ ನೀರು ಹಾಕುವ ರೂಢಿ ಬಿಡಬೇಡಿ. ಉಳಿದ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಕ್ಯಾಬಿನೆಟ್ ಬಿಚ್ಚಿದ ಮೇಲೆ

ಶಟ್‌ಡೌನ್ ಮಾಡಿ, ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಹೋಗುತ್ತದೆ. ಆಮೇಲೆ ಬದಿಯ ತಗಡು ತೆಗೆಯಿರಿ.

ಹುಬ್ಬಳ್ಳಿಯ ಧೂಳಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ. ಪ್ರೊಸೆಸರ್ ಮೇಲಿನ ಫ್ಯಾನ್ ಮೇಲಿಂದ ನೋಡಿದರೆ ಸ್ವಚ್ಛವಾಗಿಯೇ ಕಾಣಬಹುದು. ಫ್ಯಾನ್ ಬಿಚ್ಚಿ ಕೆಳಗಿನ ಹೀಟ್‌ಸಿಂಕ್ ನೋಡಿ. ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ಬೂದು ಪದರ ಎಷ್ಟು ದಪ್ಪ ಕೂತಿರುತ್ತದೆಂದರೆ, ಉಗುರಿನಿಂದ ಒಂದು ಮೂಲೆ ಎತ್ತಿದರೆ ಒಂದೇ ತುಂಡಾಗಿ ಎದ್ದುಬರುತ್ತದೆ. ಗಾಳಿ ಒಳಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. ಮೆತ್ತನೆಯ ಬ್ರಷ್‌ನಿಂದ ತೆಗೆದು ಬ್ಲೋವರ್ ಹಿಡಿಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್‌ಗೆ ಹೊರಗಿನಿಂದಲೇ ಗಾಳಿ ಹೊಡೆಯಿರಿ. ಅದನ್ನು ಮಾತ್ರ ಬಿಚ್ಚಬೇಡಿ, ಕೇಬಲ್ ಕಿತ್ತ ಮೇಲೂ ಅದರ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಹತ್ತಿರ ಇರುವವರು ಈ ಕೆಲಸವನ್ನು ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಆ ಧೂಳಿನಲ್ಲಿ ಖಾರ ಇರುತ್ತದೆ.

ಇಂಟೆಲ್ ಪ್ರೊಸೆಸರ್ ಜೊತೆ ಬರುವ ಹೀಟ್‌ಸಿಂಕ್‌ಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ ಇರುತ್ತವೆ. ಒಂದು ಪಿನ್ ಎದ್ದಿದ್ದರೂ ಹೀಟ್‌ಸಿಂಕ್ ಓರೆಯಾಗಿ ಪ್ರೊಸೆಸರ್ ಬಿಸಿಯಾಗುತ್ತದೆ. ಬೆರಳಿಟ್ಟು ಅಲುಗಿಸಿ ನೋಡಿ. ಹೀಟ್‌ಸಿಂಕ್ ಪೂರ್ತಿ ತೆಗೆದರೆ ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಲೇಬೇಕು, ಕಡಲೆ ಕಾಳಿನಷ್ಟು ಸಾಕು.

ಬಿಸಿ ಎಷ್ಟಿದೆ ಅಂತ ನೋಡಲು ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಇದೆ. ಭಾರದ ಕೆಲಸ ಮಾಡುವಾಗ 80-85 ಡಿಗ್ರಿ ಇದ್ದರೆ ಚಿಂತೆ ಬೇಡ. ಬಹುತೇಕ ಇಂಟೆಲ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಆಸುಪಾಸು, ಎಎಂಡಿ ಕಂಪನಿಯ ಹಲವು ರೈಜೆನ್ ಪ್ರೊಸೆಸರ್‌ಗಳದ್ದು 90-95. ಮಿತಿ ಮುಟ್ಟಿದರೆ ಪ್ರೊಸೆಸರ್ ಮೊದಲು ತಾನೇ ನಿಧಾನವಾಗುತ್ತದೆ, ಅದೂ ಸಾಲದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಆರಿಹೋಗುತ್ತದೆ. ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟಾಗಲೇ 80 ತೋರಿಸಿದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ.

ಒಳಗಿರುವಾಗಲೇ ಇನ್ನೂ ಮೂರು ಕಡೆ ಕಣ್ಣು ಹಾಯಿಸಿ. ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್ ಮತ್ತು ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ಪೂರ್ತಿ ಕೂತಿವೆಯಾ, ಸುಟ್ಟು ಕಂದಾಗಿದೆಯಾ? ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ? ಮುಂದಿನ ಯುಎಸ್‌ಬಿ ಪೋರ್ಟ್ ಒಳಗೆ ಪಿನ್ ಬಾಗಿ ಒಂದಕ್ಕೊಂದು ತಾಗುತ್ತಿದೆಯಾ? ಇನ್ನೊಂದು ಸಣ್ಣ ಉಪಾಯ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಕ್ಯಾಬಿನೆಟ್ ಮುಂದಿನ ರೀಸೆಟ್ ಬಟನ್‌ನ ವೈರನ್ನು ಮದರ್‌ಬೋರ್ಡಿನಿಂದ ಕಿತ್ತು ಎರಡು ದಿನ ನಡೆಸಿ. ಆ ಬಟನ್ ಒಳಗೇ ಅಂಟಿಕೊಳ್ಳುತ್ತಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಬಟನ್ ಇಲ್ಲದೆ ಕೆಲಸಕ್ಕೇನೂ ತೊಂದರೆ ಇಲ್ಲ.

ಎಸ್‌ಎಂಪಿಎಸ್ ಅನುಮಾನ ಇದ್ದರೆ ಇನ್ನೊಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನಡೆಸಿ ನೋಡುವುದೇ ನಂಬುವಂಥ ಪರೀಕ್ಷೆ. ಹಸಿರು ವೈರ್ ಮತ್ತು ಕಪ್ಪು ವೈರ್ ಸೇರಿಸಿ ಫ್ಯಾನ್ ತಿರುಗಿಸಿ ತೋರಿಸಿದರೆ ಅದು ಚಾಲೂ ಆಗುತ್ತದೆ ಅಂತಷ್ಟೇ ಗೊತ್ತಾಗುತ್ತದೆ, ಭಾರ ಬಿದ್ದಾಗ ತಡೆಯುತ್ತಾ ಅಂತ ಅಲ್ಲ. ಮಲ್ಟಿಮೀಟರ್ ಇದ್ದರೆ, ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೇ ಇರಬೇಕು. ಗೇಮ್ ತೆರೆದ ಕೂಡಲೇ ಆರುವ, ಬರೀ ಟೈಪ್ ಮಾಡುವಾಗ ಆರದ ಕಂಪ್ಯೂಟರಿನಲ್ಲಿ ಇದನ್ನೇ ಮೊದಲು ನೋಡಿ. ಕ್ಯಾಬಿನೆಟ್ ಜೊತೆ ಬಂದ ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಬರೆದಿದ್ದರೂ ಅಷ್ಟು ಕೊಡುತ್ತದೆ ಅಂತ ನಂಬಬೇಡಿ.

ರ‍್ಯಾಮ್

ಸ್ಟಿಕ್ ತೆಗೆದು, ಬಂಗಾರ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಬದಿಯಲ್ಲಿ ಟಿಕ್ ಅನ್ನುವವರೆಗೆ ಒತ್ತಿ ಕೂರಿಸಿ. ಧಾರವಾಡದ ಮಳೆಗಾಲದ ಥಂಡಿಯಲ್ಲಿ ಆ ಅಂಚು ಮಾಸಿರುತ್ತದೆ, ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ನಡೆಸಿ. ಬಯೋಸ್‌ನಲ್ಲಿ (ಕಂಪ್ಯೂಟರ್ ಹಚ್ಚಿದ ಕೂಡಲೇ, ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ವೇಗ ಹೆಚ್ಚಿಸುವ ಆಯ್ಕೆ, ಆನ್ ಇದ್ದರೆ ಆಫ್ ಮಾಡಿ. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಮ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಅದು ಎರರ್ರೇ, "ಒಂದೇ ಅಲ್ವಾ" ಅಂತ ಬಿಡಬೇಡಿ.

ನೀಲಿ ಪರದೆ ಬಂದವರಿಗೆ

ಫೋಟೋದಲ್ಲಿ "ಸ್ಟಾಪ್ ಕೋಡ್" ಮುಂದಿನ ಹೆಸರು ಓದಿ. "ಮೆಮೊರಿ ಮ್ಯಾನೇಜ್‌ಮೆಂಟ್" ಬಂದರೆ ರ‍್ಯಾಮ್ ಕಡೆ ಹೋಗಿ. "ವ್ಹಿಯಾ ಅನ್‌ಕರೆಕ್ಟಬಲ್ ಎರರ್" ಬಂದರೆ ಹಾರ್ಡ್‌ವೇರ್, ಬಿಸಿ ಅಥವಾ ಎಸ್‌ಎಂಪಿಎಸ್. "ವಿಡಿಯೊ ಟಿಡಿಆರ್ ಫೇಲ್ಯರ್" ಅಂದರೆ ಗ್ರಾಫಿಕ್ಸ್ ಡ್ರೈವರ್ ಅಥವಾ ಕಾರ್ಡ್. "ಕರ್ನಲ್ ಡೇಟಾ ಇನ್‌ಪೇಜ್ ಎರರ್" ಅಂದರೆ ಡಿಸ್ಕ್ ಅಥವಾ ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್. ಆಗ ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಮ್ ಹಾಕಿ ನೋಡಿ, ಹಳದಿಯಲ್ಲಿ "ಕಾಷನ್" ಅಂದರೆ ಡಿಸ್ಕ್ ಬದಲಿಸುವ ತಯಾರಿ ಮಾಡಿ. ಒಂದೊಂದು ಸಲ ಒಂದೊಂದು ಹೆಸರು ಬರುತ್ತಿದ್ದರೆ ಮತ್ತೆ ರ‍್ಯಾಮ್‌ಗೇ ಮರಳಿ.

ಡ್ರೈವರ್ ಅನುಮಾನ ಇದ್ದರೆ, ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ, ಅಲ್ಲಿ ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದ ಮೇಲೆ 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ಇರುವ ವಿಂಡೋಸ್. ಅಲ್ಲಿ ಗಂಟೆಗಟ್ಟಲೆ ನಡೆದು, ಮಾಮೂಲಿ ವಿಂಡೋಸ್‌ನಲ್ಲಿ ಮಾತ್ರ ಹೋದರೆ ದೋಷ ಬಹುತೇಕ ಸಾಫ್ಟ್‌ವೇರ್‌ನದ್ದು. ದೋಷ ಶುರುವಾಗುವ ಮುಂಚೆ ಹಾಕಿದ್ದು ಏನು ಅಂತ ನೆನಪಿಸಿಕೊಳ್ಳಿ, ಅದನ್ನು ತೆಗೆಯಿರಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ಜಾಲತಾಣದಿಂದಲೇ ಹೊಸದಾಗಿ ಹಾಕಿ. ಇಷ್ಟು ಮಾಡಿಯೂ ಆಗದಿದ್ದರೆ, ರ‍್ಯಾಮ್ ಮತ್ತು ಡಿಸ್ಕ್ ಎರಡೂ ಪಾಸಾಗಿದ್ದರೆ, ಆಗ ಫಾರ್ಮ್ಯಾಟ್ ಮಾಡುವುದರಲ್ಲಿ ಅರ್ಥ ಇದೆ.

ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರಿಗೆ ಒಂದು ಮಾತು. ಅವುಗಳಿಗೆ ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಪ್ರೊಸೆಸರ್ ಕೆಡುವ ತೊಂದರೆ ಇದ್ದದ್ದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ತಿದ್ದುಪಡಿ ಬಿಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. ಬಯೋಸ್ ಅಪ್‌ಡೇಟ್ ಮಾಡಿ. ಆಗಲೇ ಕೆಟ್ಟಿದ್ದರೆ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ವಾರಂಟಿಯಲ್ಲಿ ಕೇಳಿ.

ಅಂಗಡಿಗೆ ಒಯ್ಯುವಾಗ

ಹಾಳೆ, ಫೋಟೋ, ಇವೆಂಟ್ ವ್ಯೂವರ್‌ನಲ್ಲಿ ಕಂಡದ್ದು, ಮೂರನ್ನೂ ಒಯ್ಯಿರಿ. "ಅಣ್ಣಾರ, ಎಲ್ಲಕ್ಕಿಂತ ಮೊದಲ ಬ್ಯಾರೆ ಎಸ್‌ಎಂಪಿಎಸ್ ಹಾಕಿ ನಡಸಿ ನೋಡ್ರಿ, ಫಾರ್ಮ್ಯಾಟ್ ಆಮ್ಯಾಲೆ ನೋಡೂಣು" ಅಂತ ನೇರವಾಗಿ ಕೇಳಿ. ಕೆಲಸ ಬಲ್ಲವರು ಇದಕ್ಕೆ ಬೇಸರ ಪಡುವುದಿಲ್ಲ, ಅವರ ಹೊತ್ತೂ ಉಳಿಯುತ್ತದೆ. ಅಂಗಡಿಯಲ್ಲಿ ಇಡೀ ದಿನ ನಡೆದು ಮನೆಗೆ ತಂದ ಕೂಡಲೇ ಮತ್ತೆ ಆರಿದರೆ ಕಂಪ್ಯೂಟರನ್ನು ಬಿಟ್ಟು ಮನೆಯ ಸಾಕೆಟ್ ಮತ್ತು ಇನ್ವರ್ಟರ್ ನೋಡಿ.

ರಿಪೇರಿ ಆಯಿತು ಅಂತ ಒಂದೇ ದಿನಕ್ಕೆ ನಂಬಬೇಡಿ. ಮೊದಲು ಎರಡು ದಿನಕ್ಕೊಮ್ಮೆ ಬರುತ್ತಿದ್ದರೆ ಒಂದು ವಾರವಾದರೂ ಕಾಯಿರಿ, ವಾರಕ್ಕೊಮ್ಮೆ ಬರುತ್ತಿದ್ದರೆ ಒಂದು ತಿಂಗಳು. ಆಮೇಲೆ ಇವೆಂಟ್ ವ್ಯೂವರ್ ತೆರೆದು, ರಿಪೇರಿಯಾದ ದಿನದಿಂದ ಈಚೆಗೆ ಹೊಸ 41 ಇಲ್ಲ ಅಂತ ಖಾತ್ರಿ ಮಾಡಿಕೊಂಡು, ತೆಗೆದಿಟ್ಟ "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಟಿಕ್ ಮತ್ತೆ ಹಾಕಿ.